ಬಟ್ಟೆಯ ಮೇಲಿನ ಸಹಾರಾ

ದೊಡ್ಡಬಳ್ಳಾಪುರದ ನಮ್ಮ ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದ ಮೇಷ್ಟ್ರು ನೇಕಾರರ ಮನೆಯವರು. ಆಫ್ರಿಕಾದ ನಕ್ಷೆಯನ್ನು ಬಟ್ಟೆಯ ಮೇಲೆ ತಾವೇ ಬರೆದು, ಗಡಿಗಳನ್ನು ಮಗ್ಗದಲ್ಲಿ ಉಳಿದ ರೇಷ್ಮೆ ದಾರದಿಂದ ಹೊಲಿದಿದ್ದರು. ಗಡಿ ಬದಲಾದರೆ ಹೊಲಿಗೆ ಬಿಚ್ಚಿ ಮತ್ತೆ ಹಾಕುವರು. ಹಾಕುವಾಗೆಲ್ಲ, "ಅಲ್ಲಿರೋ ಜನಾನ ಯಾರಾದ್ರೂ ಕೇಳಿದ್ರಾ?" ಎನ್ನುವರು. ಗಣಿತ ಹೇಳುವ ನನಗೆ ಅದೊಂದು ಹುಚ್ಚೆನಿಸುತ್ತಿತ್ತು.

ಸ್ಪೇನ್ ತನ್ನ ಸಹಾರಾ ವಸಾಹತನ್ನು ಬಿಡುವ ಸುದ್ದಿ ಬಂದಾಗ, ಹುಟ್ಟಲಿರುವ ದೇಶಕ್ಕೆಂದು ಹಸಿರು ದಾರದಲ್ಲಿ ಗಡಿ ಹೊಲಿದರು. ಸ್ಪೇನ್ ಹೋಯಿತು. ಮೊರಾಕೊ, ಮಾರಿಟೇನಿಯಾ ಆ ನೆಲವನ್ನು ಹಂಚಿಕೊಂಡವು. ಅಲ್ಲಿನ ಜನ ಗಡಿಯಾಚೆಯ ಮರುಭೂಮಿಗೆ ಓಡಿ ಡೇರೆ ಹಾಕಿಕೊಂಡರು. ಮೇಷ್ಟ್ರು ಹಸಿರು ಬಿಚ್ಚಿ, ನಡುವೆ ಗೆರೆ ಹೊಲಿದರು. ಮೂರು ವರ್ಷಕ್ಕೆ ಮಾರಿಟೇನಿಯಾ ಹಿಂದೆ ಸರಿದು, ಅದರ ಪಾಲೂ ಮೊರಾಕೊ ವಶವಾಯಿತು. ಮತ್ತೆ ಬಿಚ್ಚುವಾಗ, ಸೂಜಿ ಚುಚ್ಚಿಸಿಕೊಂಡು ಜೀರ್ಣವಾಗಿದ್ದ ಬಟ್ಟೆ ಅಲ್ಲೇ ಹರಿದು ಅಂಗೈಯಗಲ ತೂತಾಯಿತು.

"ಕೊಡಿ ಸರ್, ತೇಪೆ ಹಾಕ್ಕೊಡ್ತೀನಿ," ಎಂದೆ.

"ಬೇಡಮ್ಮ. ಓಡಿಹೋದೋರು ಇನ್ನೂ ಡೇರೆಗಳಲ್ಲೇ ಇದ್ದಾರೆ. ಅವರು ವಾಪಸ್ ಬರೋ ತನಕ ಹಿಂಗೇ ಇರ್ಲಿ."

ತರಗತಿಯಲ್ಲಿ ಮತ್ತೆ ತೂಗುಹಾಕಿದಾಗ ತೂತಿನೊಳಗೆ ಗೋಡೆಯ ಸುಣ್ಣ ಕಾಣುತ್ತಿತ್ತು. ಅವರು ನಿವೃತ್ತರಾದ ಮರುದಿನ ಹೆಡ್‌ಮಾಸ್ಟರು ಆ ಬಟ್ಟೆ ನಕ್ಷೆಯನ್ನು ಇಳಿಸಿ ಅಚ್ಚಾದ ನಕ್ಷೆ ತೂಗುಹಾಕಿಸಿದರು. ಅದರಲ್ಲಿ ಎಲ್ಲೂ ತೂತಿರಲಿಲ್ಲ.