ಮಾರೆಮ್ಮ ಬಾಣಲೆ ಇಳಿಸಿದ ಹಬ್ಬ

ಸಿರುಗುಪ್ಪದಲ್ಲಿ ನಮ್ಮ ಪಕ್ಕದ ಮನೆ ಮಾರೆಮ್ಮನದು. ಗಂಡ ತೀರಿಕೊಂಡ ಮೇಲೆ ಭತ್ತದ ನಾಟಿಗೆ ಹೋಗಿ ಒಬ್ಬನೇ ಮಗ ದೇವದಾನನನ್ನು ಬೆಳೆಸಿದವಳು. ದೀಕ್ಷಾಸ್ನಾನವಾದ ಮೇಲೂ ಹಳೆಯ ಹೆಸರು ಬಿಡಲಿಲ್ಲ. "ಅವ್ವ ಇಟ್ಟ ಹೆಸರು. ದೇವ್ರಿಗೆ ಗುರ್ತು ಸಿಗ್ತೈತಿ ಬಿಡ್ರಿ" ಎನ್ನುತ್ತಿದ್ದಳು.

ಎಪ್ಪತ್ನಾಲ್ಕರ ಮಳೆಗಾಲದಲ್ಲಿ ಕೆಂಚನಗುಡ್ಡದ ಹತ್ತಿರ ಹೊಳೆಯಲ್ಲಿ ಹರಿಗೋಲು ಮಗುಚಿತು. ಉಳಿದವರು ದಡ ಸೇರಿದರು, ದೇವದಾನ ಸೇರಲಿಲ್ಲ. ಹೆಣವೂ ಸಿಗಲಿಲ್ಲ. ಅವನ ಹೆಂಡತಿ ಕರುಣಮ್ಮ ಕುರುಗೋಡಿನ ಹುಡುಗಿ. ಮದುವೆಯ ಸೀರೆಯ ಗಂಜಿ ಇನ್ನೂ ಹೋಗಿರಲಿಲ್ಲ.

ಸಾವಾದ ಮನೆಯಲ್ಲಿ ಕ್ರಿಸ್ಮಸ್ಸಿಗೆ ಎಣ್ಣೆಯ ಬಾಣಲೆ ಇಡುವುದಿಲ್ಲ. ನಾವೇ ಕರ್ಜಿಕಾಯಿ ಕರಿದು ಆ ಮನೆಗೆ ಒಯ್ಯುತ್ತೇವೆ. ಮನೆಯ ಹಿರಿಯಳು ತಟ್ಟೆ ತೆಗೆದುಕೊಂಡರೆ ಸಾವನ್ನು ಒಪ್ಪಿದಂತೆ. ಮಾರೆಮ್ಮ ಆ ವರ್ಷ ತೆಗೆದುಕೊಳ್ಳಲಿಲ್ಲ, ಮರುವರ್ಷವೂ ಇಲ್ಲ. ನಾವು ಬರುವ ಹೊತ್ತಿಗೆ ತಾನೇ ಬಾಣಲೆ ಇಟ್ಟು ಕೂತಿರುತ್ತಿದ್ದಳು.

"ಮಗ ಬಂದು ಕೇಳಿದ್ರ ಏನ್ ಕೊಡ್ಲಿ?"

"ಲೇ ಮಾರಿ, ನಿನ್ ಕರ್ಜಿಕಾಯಿ ಕಡದು ಅವನ ಹಲ್ಲು ಉದುರ್ತಾವ" ಎಂದು ನಗಿಸಲು ನೋಡುತ್ತಿದ್ದಳು ಓಣಿಯ ಗಿಡ್ಡಮ್ಮ. ಮಾರೆಮ್ಮ ನಗುತ್ತಿದ್ದಳು, ತಟ್ಟೆಯನ್ನು ಮಾತ್ರ ಹಿಂದಕ್ಕೆ ತಳ್ಳುತ್ತಿದ್ದಳು.

ಅಳುವುದಕ್ಕೂ ಆ ಮನೆಯಲ್ಲಿ ಅಪ್ಪಣೆಯಿರಲಿಲ್ಲ. "ಬದುಕಿರೋನಿಗೆ ಅಳಬ್ಯಾಡ" ಎಂದು ಸೊಸೆಯ ಬಾಯಿ ಮುಚ್ಚಿಸಿದ್ದಳು. ಕರುಣಮ್ಮನಿಗೆ ಬೇರೆ ಸಂಬಂಧ ಬಂದಿತ್ತು. ಆದರೆ ದೇವದಾನನ ತಾಯಿ ಒಪ್ಪದೆ ಮರಣದ ಪ್ರಾರ್ಥನೆ ಮಾಡಲಾರೆ, ಅದಾಗದೆ ಮರುಮದುವೆಯಿಲ್ಲ ಎಂದಿದ್ದರು ನಮ್ಮ ಚರ್ಚಿನ ಅಯ್ಯಗಾರು.

ಮೂರನೆಯ ಕ್ರಿಸ್ಮಸ್ಸಿಗೆ ಕರುಣಮ್ಮನ ತಂದೆ ಎರ್ರೆಪ್ಪ ಮಗಳನ್ನು ಕರೆದೊಯ್ಯಲೆಂದು ಬಂದ. ಹಬ್ಬದ ಹಿಂದಿನ ದಿನ ನಾನೂ ಗಿಡ್ಡಮ್ಮನೂ ತಟ್ಟೆ ಹಿಡಿದು ಹೋದಾಗ ಎಣ್ಣೆ ಕಾದಿತ್ತು. ಮಾರೆಮ್ಮ ಒಲೆಯ ಮುಂದೆ, ತಂದೆ ಮಗಳು ಹಿತ್ತಲಲ್ಲಿ. ನಡುವೆ ತಟ್ಟಿಗೋಡೆ ಮಾತ್ರ, ಮಾತೆಲ್ಲ ಒಳಗೆ ಕೇಳಿಸುತ್ತಿತ್ತು.

"ಈ ಸಲನಾದ್ರೂ ನಡಿಯವ್ವಾ. ಆ ಹುಡುಗ ಎಷ್ಟು ದಿನ ಕಾಯ್ತಾನ?" ಎಂದ ಎರ್ರೆಪ್ಪ.

ಕರುಣಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. "ಅತ್ತಿ ಇರೋತನಕ ಆಗಂಗಿಲ್ಲಪ್ಪಾ. ಅತ್ತಿ ಸತ್ತ ಮ್ಯಾಲ ಬರ್ತೀನಿ."

ಗಿಡ್ಡಮ್ಮ ನನ್ನ ಕೈ ಹಿಡಿದಳು. ಮಾರೆಮ್ಮ ಸೆರಗಿನಿಂದ ಬಾಣಲೆ ಹಿಡಿದು ಕೆಳಗಿಳಿಸಿದಳು. ಸೆರಗಿನ ಅಂಚು ಸುಟ್ಟದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಏನ್ ನಿಂತೀರಿ? ಕೊಡ್ರಿ ಇಲ್ಲಿ."

ತಟ್ಟೆ ತೆಗೆದುಕೊಂಡು ಒಂದು ಕರ್ಜಿಕಾಯಿ ಮುರಿದು ಬಾಯಿಗೆ ಹಾಕಿಕೊಂಡಳು. ನೀರು ಕೊಟ್ಟೆ. ನುಂಗಿ, ಹಿತ್ತಲಿಗೆ ಕೇಳುವಂತೆ ಕೂಗಿದಳು: "ಬೀಗ್ರೇ, ಹಬ್ಬ ಆದ ಮ್ಯಾಲ ನಿಮ್ ಮಗಳನ್ನ ಕರ್ಕೊಂಡು ಹೋಗ್ರಿ. ಅಯ್ಯಗಾರ್ಗೆ ನಾನ ಹೇಳ್ತೀನಿ."

ಮರುದಿನ ಆರಾಧನೆಯ ಕೊನೆಗೆ ಅಯ್ಯಗಾರು ದೇವದಾನನ ಹೆಸರೆತ್ತಿ, ಅವನ ಆತ್ಮವನ್ನು ಕರ್ತನ ಕೈಗೆ ಒಪ್ಪಿಸಿದರು. ಕರುಣಮ್ಮ ಅಂದೇ ಮೊದಲು ಬಾಯಿಬಿಟ್ಟು ಅತ್ತಳು. ಮಾರೆಮ್ಮ ಅವಳ ತಲೆಯನ್ನು ತೊಡೆಯ ಮೇಲೆಳೆದುಕೊಂಡು ಬೆನ್ನು ಸವರಿದಳು. ನಾವೆಲ್ಲ ಆಮೆನ್ ಎಂದೆವು. ಮಾರೆಮ್ಮ ಅನ್ನಲಿಲ್ಲ.