ಖಾಲಿ ಸಾಲಿನವರು

ನರ್ಸಿಂಗ್ ಶಾಲೆಯ ಕಚೇರಿಯಲ್ಲಿ ಆ ಟೈಪಿಸ್ಟರನ್ನು ಎಲ್ಲರೂ ‘ಖಾಲಿ ಸಾಲಿನವರು’ ಎಂದೇ ಕರೆಯುತ್ತಿದ್ದರು. ಟೀಚರುಗಳು ಕೈಯಲ್ಲಿ ಬರೆದುಕೊಟ್ಟ ಪ್ರಶ್ನೆಗಳನ್ನು ಆನ್‌ಲೈನ್ ಪರೀಕ್ಷೆಗೆ ಹೊಂದುವಂತೆ ಟೈಪ್ ಮಾಡುವುದು ಅವರ ಕೆಲಸ. ಬಣ್ಣವಿಲ್ಲ, ದಪ್ಪಕ್ಷರವಿಲ್ಲ, ಬರೀ ಅಕ್ಷರ. ಪ್ರಶ್ನೆಗೆ ಒಂದು ಸಾಲು, ಆಯ್ಕೆಗಳಿಗೆ ನಾಲ್ಕು, ಆರನೆಯದು ಉತ್ತರ, ಏಳನೆಯದು ಖಾಲಿ. ಆ ಖಾಲಿ ಸಾಲು ತಪ್ಪಿದರೆ ಕಂಪ್ಯೂಟರು ಇಡೀ ಫೈಲನ್ನೇ ಒಲ್ಲೆ ಎನ್ನುತ್ತಿತ್ತು.

“ಏನೂ ಬರೀದ ಸಾಲಿಗೂ ಸಂಬಳ ತಗೋತೀರಲ್ಲ, ಪುಣ್ಯವಂತರು!” ಎಂದು ಲೈಬ್ರರಿಯವ ಛೇಡಿಸುತ್ತಿದ್ದ.

“ಉಸಿರು ತಗೊಳ್ಳೋಕೆ ಜಾಗ ಬೇಡ್ವೇನಯ್ಯಾ?” ಎನ್ನುತ್ತಿದ್ದರು ಇವರು, ಪರದೆಯಿಂದ ಕಣ್ಣು ಕೀಳದೆ.

ಟೀಚರುಗಳು ಸರಿಯುತ್ತರವನ್ನು ಮೊದಲು ಬರೆದು, ಆಮೇಲೆ ತಪ್ಪು ಉತ್ತರ ಮೂರನ್ನು ಯೋಚಿಸುತ್ತಿದ್ದರು. ಇವರೂ ಅದೇ ಕ್ರಮದಲ್ಲಿ ಟೈಪ್ ಮಾಡುತ್ತಿದ್ದರು. ಹಾಗಾಗಿ ಫೈಲಿನಲ್ಲಿ ಎಲ್ಲ ಪ್ರಶ್ನೆಗಳಿಗೂ ಉತ್ತರ ‘ಎ’. ತಾಳೆ ನೋಡಲು ಸುಲಭ. ಫೈಲು ಸೇರಿಸುವಾಗ ‘ಆಯ್ಕೆಗಳನ್ನು ಕಲೆಸು’ ಎಂಬ ಚೌಕದಲ್ಲಿ ಗುರುತು ಇದ್ದರೆ, ಕಂಪ್ಯೂಟರೇ ಇಸ್ಪೀಟಿನಂತೆ ಕಲೆಸಿ ಹಂಚುತ್ತಿತ್ತು.

ಅವರ ಹೆಂಡತಿ ಪಕ್ಕದ ಆಸ್ಪತ್ರೆಯಲ್ಲಿ ಹದಿನಾರು ವರ್ಷದಿಂದ ಆಯಾ. ಆಯಾಗಳು ಒಂದು ಪರೀಕ್ಷೆ ಪಾಸು ಮಾಡಿದರೆ ನರ್ಸಿಂಗ್ ಕೋರ್ಸಿಗೆ ಸೇರಬಹುದಿತ್ತು. ನಲವತ್ತೈದು ದಾಟಿದರೆ ಇಲ್ಲ. ಆಕೆಗೆ ನಲವತ್ತನಾಲ್ಕು ತುಂಬಿತ್ತು. ಎರಡು ಸಲ ಸ್ವಲ್ಪದರಲ್ಲೇ ತಪ್ಪಿತ್ತು, ಇದು ಕೊನೆಯದು. ಅಡುಗೆಮನೆಯ ಗೋಡೆಯ ತುಂಬ ಆಕೆ ಅಂಟಿಸಿಕೊಂಡ ಹಾಳೆಗಳು: ನಾಡಿ, ಜ್ವರ, ಡ್ರಿಪ್ಪು, ಬೆನ್ನಹುಣ್ಣು.

ಆ ಪರೀಕ್ಷೆಯ ಅರವತ್ತು ಪ್ರಶ್ನೆಗಳೂ ಇವರ ಟೇಬಲ್ಲಿಗೇ ಬಂದವು. “ನಿಮ್ಮ ಮೇಲೆ ನನಗೆ ನಂಬಿಕೆ ಇದೆ” ಎಂದು ಪ್ರಿನ್ಸಿಪಾಲ್ ಮೇಡಂ ಕೊಟ್ಟಿದ್ದರು.

“ರೀ, ನಾಡಿ ಓದ್ಲಾ, ಡ್ರಿಪ್ ಓದ್ಲಾ? ಬಾಯಿ ಬಿಡೋದೇನೂ ಬೇಡ. ಡ್ರಿಪ್ ಆದ್ರೆ ಒಂದ್ಸಲ ಕೆಮ್ಮಿಬಿಡಿ.”

“ಎರಡೂ ಓದು ಕಣೇ.”

ಆ ತಿಂಗಳೆಲ್ಲ ನಿಜವಾದ ಕೆಮ್ಮು ಬಂದರೂ ಅವರು ಎದ್ದು ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದರು. ಒಳಗಿಂದ ಆಕೆಯ ನಗು ಕೇಳಿಸುತ್ತಿತ್ತು.

ಫೈಲು ಸೇರಿಸುವ ವಾರವೇ ಪರೀಕ್ಷೆಯ ಕಂಪ್ಯೂಟರು ವ್ಯವಸ್ಥೆ ಹೊಸದಾಗಿ ಬದಲಾಯಿತು. ಇನ್ನೂರ ಎಂಬತ್ತೇಳನೇ ಸಾಲಿನಲ್ಲಿ ದೋಷ ಎಂದು ಅದು ಹಟ ಹಿಡಿಯಿತು. ನೋಡಿದರೆ ಅದು ಖಾಲಿ ಸಾಲು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದ ಮೇಲೆ ಗೊತ್ತಾಯಿತು, ಅಲ್ಲೊಂದು ಸ್ಪೇಸ್ ಬಿದ್ದಿದೆ, ಕಾಣದ ಒಂದು ಸ್ಪೇಸ್. ಅಳಿಸಿದರು. ಪರದೆಯಲ್ಲಿ ‘ಫೈಲು ಸೇರಿತು’ ಎಂದು ಹಸಿರು ಅಕ್ಷರ ಮೂಡಿತು. ನೆಮ್ಮದಿಯಿಂದ ಕಂಪ್ಯೂಟರು ಮುಚ್ಚಿ ಟೀ ಕುಡಿಯಲು ಹೋದರು.

ಫಲಿತಾಂಶದ ಸಂಜೆ ಆಕೆ ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತಳು.

“ಮೂವತ್ತೊಂದು. ನಲವತ್ತು ಬೇಕಿತ್ತು.”

“ಅಷ್ಟು ಓದಿದ್ಯಲ್ಲೇ...”

“ಗೊತ್ತಿತ್ತು ರೀ. ಮೊದಲ ಇಪ್ಪತ್ತೂ ‘ಎ’ ಅಂತಾನೇ ಬಂತು. ಎಲ್ಲಾದ್ರೂ ಉಂಟಾ, ಎಲ್ಲಾ ‘ಎ’? ಪಕ್ಕದ ಹುಡುಗಿ ಕಣ್ಮುಚ್ಚಿ ಒತ್ಕೊಂಡು ಹೋದ್ಲು, ಪಾಸಾದ್ಲು. ನಾನು ಮಾತ್ರ, ಟೈಪ್ ಮಾಡಿರೋದು ನೀವು, ನಿಮ್ಮ ಕೆಲಸದಲ್ಲಿ ಹೀಗಾಗಲ್ಲ, ನನ್ನ ತಲೇಲೇ ಏನೋ ಕೆಟ್ಟಿದೆ ಅಂದ್ಕೊಂಡೆ. ವಾಪಸ್ ಹೋಗಿ ಸುಮಾರು ಬದಲಾಯಿಸಿಬಿಟ್ಟೆ.”

ಬೆಳಿಗ್ಗೆ ಅವರು ಕಚೇರಿಯ ಬೀಗ ತೆಗೆಸಿ ನೋಡಿದರು. ಹಳೆಯ ವ್ಯವಸ್ಥೆಯಲ್ಲಿ ‘ಕಲೆಸು’ ಚೌಕದಲ್ಲಿ ತಾನೇ ಬಂದು ಕೂರುತ್ತಿದ್ದ ಗುರುತು ಹೊಸದರಲ್ಲಿ ಇರಲಿಲ್ಲ. ಚೌಕ ಖಾಲಿಯಿತ್ತು.

ಪ್ರಿನ್ಸಿಪಾಲ್ ಮೇಡಂ ಪೂರ್ತಿ ಕೇಳಿಸಿಕೊಂಡರು. “ಮರುಪರೀಕ್ಷೆ ಅಂದ್ರೆ ವಿಚಾರಣೆ. ಅವರು ಮೊದಲು ಕೇಳೋದೇ, ಫೇಲಾದವಳು ಇವನ ಹೆಂಡ್ತಿ ತಾನೇ ಅಂತ. ನೀವು ಮನೇಲಿ ಒಂದಕ್ಷರ ಹೇಳಿಲ್ಲ, ನನಗೆ ಗೊತ್ತು. ಅದನ್ನ ಯಾವ ಕಾಗದದಲ್ಲಿ ತೋರಿಸ್ಲಿ?”

“ತಪ್ಪು ನನ್ನದು ಅಂತ ಬರೆದುಕೊಡ್ತೀನಿ ಮೇಡಂ. ಕೆಲಸ ಹೋದ್ರೂ ಹೋಗ್ಲಿ.”

ಬರೆದುಕೊಟ್ಟರು. ಒಂಬತ್ತು ದಿನಕ್ಕೆ ಮೇಲಿನಿಂದ ಒಂದೇ ಸಾಲಿನ ಉತ್ತರ ಬಂತು: ದೂರುದಾರರು ಅಭ್ಯರ್ಥಿಯ ಸಂಬಂಧಿಯಾದ್ದರಿಂದ ಪರಿಗಣಿಸಲಾಗದು. ಕೆಲಸದಿಂದ ತೆಗೆಯಲೂ ಇಲ್ಲ. ಮುಂದಿನ ಪರೀಕ್ಷೆಯ ಪ್ರಶ್ನೆಗಳು ಟೇಬಲ್ಲಿಗೆ ಬಂದವು.

ಅಂದು ಮನೆಯಲ್ಲಿ ಎಲ್ಲ ಹೇಳಿದರು. ಆಕೆ ಬಹಳ ಹೊತ್ತು ಪಾತ್ರೆ ಉಜ್ಜಿದಳು.

“ಹಾಗಾದ್ರೆ ನಾನು ಮೊದಲು ಒತ್ತಿದ್ದೆಲ್ಲ ಸರಿ ಇತ್ತು.”

“ಸರಿ ಇತ್ತು.”

ಆಕೆ ಕೈ ಒರೆಸಿಕೊಂಡು ಗೋಡೆಯ ಹಾಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಹರಿಯದ ಹಾಗೆ, ಮೂಲೆಯಿಂದ.

ಕೋರ್ಸು ಶುರುವಾದ ತಿಂಗಳು ಒಂದು ಮಧ್ಯಾಹ್ನ, ಆಕೆ ಮರೆತ ಊಟದ ಡಬ್ಬಿ ಹಿಡಿದು ಅವರು ವಾರ್ಡಿಗೆ ಹೋದರು. ಹೊಸ ಬಿಳಿ ಕೋಟಿನ ಹುಡುಗಿಯೊಬ್ಬಳು ಮುದುಕನೊಬ್ಬನ ಮಣಿಕಟ್ಟು ಹಿಡಿದು ತಡಕಾಡುತ್ತಿದ್ದಳು.

“ಆಂಟೀ, ನಾಡಿ ಸಿಕ್ತಾನೇ ಇಲ್ಲ. ಮೇಡಂ ಬಂದ್ರೆ ಬೈತಾರೆ.”

ಆಕೆ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಕೈ ತೊಳೆದು ಬಂದು, ಹುಡುಗಿಯ ಬೆರಳುಗಳನ್ನು ತುಸು ಆಚೆಗೆ ಸರಿಸಿ ಇಟ್ಟಳು.

“ಒತ್ತಬೇಡ. ಹಗುರವಾಗಿಡು. ಬರುತ್ತೆ.”

ಬಾಗಿಲಲ್ಲಿ ನಿಂತವರಿಗೆ ಕೆಮ್ಮು ಬಂತು. ಡಬ್ಬಿಯನ್ನು ಅಲ್ಲೇ ಸ್ಟೂಲಿನ ಮೇಲಿಟ್ಟು, ತಡೆದುಕೊಂಡು, ವರಾಂಡಕ್ಕೆ ಹೋದರು.