ಟೆಸಾ ಹೇಳಿಕೊಂಡ ಹೊಟ್ಟೆನೋವು

ಟೆಸಾ ಮುಲಿನ್ಸ್‌ಗೆ ಆಗ ಮೂವತ್ತೊಂದು ವರ್ಷ. ವೆಸ್ಟ್ ವರ್ಜೀನಿಯಾದ ಗುಡ್ಡಗಳ ನಡುವೆ ಬೆಳಿಗ್ಗೆ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಮಕ್ಕಳನ್ನು ಇಳಿಸಿ ಕಾಲೇಜಿಗೆ ಓಡುತ್ತಿದ್ದಳು, ಮಧ್ಯಾಹ್ನ ಮತ್ತೆ ಬಂದು ಅದೇ ಬಸ್ಸು ಹತ್ತುತ್ತಿದ್ದಳು. ಹೀಗೆ ಆರು ವರ್ಷ ತೇದು ಪದವಿ ಮುಗಿಸುವ ಹಂತಕ್ಕೆ ಬಂದಿದ್ದಳು. ವೈದ್ಯಕೀಯ ಕಾಲೇಜುಗಳು ಕೇಳುವ ಪರೀಕ್ಷೆಯಲ್ಲೂ ಒಳ್ಳೆಯ ಅಂಕವನ್ನೇ ತೆಗೆದಿದ್ದಳು.

ಉಳಿದದ್ದು ಒಂದೇ. ಯಾರಾದರೂ ಡಾಕ್ಟರ ಬೆನ್ನ ಹಿಂದೆ ನೆರಳಿನ ಹಾಗೆ ನಿಂತು, ಅವರು ರೋಗಿಗಳನ್ನು ನೋಡುವುದನ್ನು ನೋಡಬೇಕು. ಐವತ್ತು ಗಂಟೆ. ಕೈ ಹಾಕುವಂತಿಲ್ಲ, ಬಾಯಿ ಹಾಕುವಂತಿಲ್ಲ, ನಿಂತಿರಬೇಕು ಅಷ್ಟೆ. ಆ ಗಂಟೆಗಳಿಲ್ಲದ ಅರ್ಜಿಯನ್ನು ಯಾರೂ ಗಂಭೀರವಾಗಿ ನೋಡುವುದಿಲ್ಲ ಎಂದು ಕಾಲೇಜಿನ ಸಲಹೆಗಾರ ಹೇಳಿದ್ದ. ಮನೆಯವರಿಗೆ ಪರಿಚಯವಿರುವ ಡಾಕ್ಟರನ್ನೇ ಕೇಳಿಬಿಡಿ, ಅದೇ ಸುಲಭ ಎಂದೂ ಸೇರಿಸಿದ್ದ.

ಮುಲಿನ್ಸ್ ಮನೆಯವರಿಗೆ ಪರಿಚಯವಿದ್ದ ಡಾಕ್ಟರು ಒಬ್ಬರೇ. ಕಲ್ಲಿದ್ದಲ ಗಣಿಯ ಧೂಳು ಕುಡಿದು ತೀರಿಕೊಂಡ ಅಪ್ಪನ ಮರಣಪತ್ರಕ್ಕೆ ಸಹಿ ಹಾಕಿದವರು. ಊರಿನ ಆಸ್ಪತ್ರೆಗೆ ಬೀಗ ಬಿದ್ದಾಗ ಅವರೂ ಊರು ಬಿಟ್ಟಿದ್ದರು.

ಜನವರಿಯಿಂದ ಟೆಸಾ ಅರವತ್ತಕ್ಕೂ ಮೀರಿ ಇಮೇಲ್ ಬರೆದಳು. ಹೆಚ್ಚಿನವರು ಉತ್ತರಿಸಲೇ ಇಲ್ಲ. ಉತ್ತರಿಸಿದವರು ರೋಗಿಗಳ ಗುಟ್ಟು, ವಿಮೆ, ನಿಯಮ ಎಂದರು. ಒಂದು ಕಡೆ ಕಾಲೇಜಿನಿಂದ ಒಪ್ಪಂದಪತ್ರ ತನ್ನಿ ಎಂದರು. ಕಾಲೇಜಿನವರು ಮೊದಲು ಆಸ್ಪತ್ರೆಯವರು ಬರೆಯಲಿ ಎಂದರು. ಆ ಕಾಗದ ಎರಡು ತಿಂಗಳು ಅತ್ತಿಂದಿತ್ತ ಓಡಾಡಿ ಎಲ್ಲೋ ಕಳೆದುಹೋಯಿತು. ಮರುಮಾತಿಲ್ಲದೆ ಒಪ್ಪಿದವನೆಂದರೆ ಪಶುವೈದ್ಯನೊಬ್ಬ. ಅವನ ಜೊತೆ ಹೋಗಿ, ಮೊಣಕೈವರೆಗೆ ಕೆಸರು ಮಾಡಿಕೊಂಡು ಒಂದು ಹಸುವಿನ ಹೆರಿಗೆಯನ್ನೂ ನೋಡಿ ಬಂದಳು. ಅರ್ಜಿಯಲ್ಲಿ ಹಸುವಿಗೆ ಜಾಗವಿರಲಿಲ್ಲ.

ತಾಯಿ ವಾಂಡಾ ಒಲೆಯ ಮುಂದಿನಿಂದಲೇ ಚುಚ್ಚಿದಳು. "ನರ್ಸ್ ಓದು ಅಂತ ಅವತ್ತೇ ಬಡ್ಕೊಂಡೆ. ಕೈಗೆ ಸಿಗೋದು ಬೇಡ ನಿಂಗೆ. ದೊಡ್ಡೋರ ಮನೆ ಬಾಗಿಲು ತಟ್ಟಿ ತಟ್ಟಿ ಗೆಣ್ಣು ಸವೆಸ್ಕೊ."

ಮೇ ತಿಂಗಳು ಬಂತು. ಅರ್ಜಿ ಹಾಕಲು ಮೂರೇ ವಾರ ಉಳಿದಿತ್ತು. ಹತ್ತಿರದ ಪಟ್ಟಣದ ಕ್ಲಿನಿಕ್ಕಿನಲ್ಲಿದ್ದ ಡಾಕ್ಟರು ಬಲಿಂಗಿಟ್ ಒಬ್ಬರೇ. ಫಿಲಿಪೀನ್ಸಿನಿಂದ ಬಂದು ಇಪ್ಪತ್ತೆರಡು ವರ್ಷ ಅಲ್ಲೇ ಬೇರುಬಿಟ್ಟವರು. ಅವರಿಗೆಂದು ಟೆಸಾ ಬರೆದು ಬಿಟ್ಟುಬಂದಿದ್ದ ಐದು ಚೀಟಿಗಳೂ ಸ್ವಾಗತ ಮೇಜಿನ ಕಾರ್ಲಾಳನ್ನು ದಾಟಿ ಒಳಗೆ ಹೋಗಿರಲಿಲ್ಲ. ಒಂದು ಮಂಗಳವಾರ, ಬಸ್ಸನ್ನು ಶೆಡ್ಡಿಗೆ ಬಿಟ್ಟವಳೇ ಟೆಸಾ ಫೋನೆತ್ತಿ, ಬಲಗಡೆ ಕಿಬ್ಬೊಟ್ಟೆಯಲ್ಲಿ ತಡೆಯಲಾರದ ನೋವು ಎಂದಳು. ಹತ್ತೂ ಇಪ್ಪತ್ತಕ್ಕೆ ಬರಲು ಕಾರ್ಲಾ ಹೇಳಿದಳು.

ಅವಳು ಕಾಗದದ ಹಾಳೆ ಹಾಸಿದ ಮಂಚದ ಮೇಲೆ ಮಲಗಿದಳು. ಡಾಕ್ಟರು ಬಂದರು. ಸಣಕಲು ಮನುಷ್ಯ, ಬೆರಳುಗಳು ತಣ್ಣಗೆ. ಹೊಟ್ಟೆ ಒತ್ತಿದರು, ಬಿಟ್ಟರು, ಕೇಳಿದರು. ಟೆಸಾ ಕಲಿತಿದ್ದಂತೆಯೇ ಉತ್ತರಿಸಿದಳು. ಅವರು ಕೈ ಹಿಂದೆ ತೆಗೆದುಕೊಂಡರು.

"ಪುಸ್ತಕದಲ್ಲಿ ಇರೋ ಹಾಗೇ ಹೇಳ್ತಾ ಇದ್ದೀಯಲ್ಲಮ್ಮ. ನೋವಿರೋರು ಇಷ್ಟು ಸರಿಯಾಗಿ ಹೇಳಲ್ಲ."

ಟೆಸಾ ಎದ್ದು ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಐವತ್ತು ಗಂಟೆ, ಇಮೇಲುಗಳು, ಒಳಗೆ ಬಾರದ ಚೀಟಿಗಳು. ಅಳಬಾರದೆಂದುಕೊಂಡಿದ್ದರೂ ಅಳು ಬಂತು. ಡಾಕ್ಟರು ಕೊನೆಯವರೆಗೂ ಕೇಳಿದರು. ಮೆತ್ತಗಾಗಲಿಲ್ಲ.

"ಈ ಹೊತ್ತನ್ನ ಬೇರೆಯವರು ಕೇಳಿದ್ರು. ವಯಸ್ಸಾದವರು, ಕಾಲಲ್ಲಿ ಹುಣ್ಣು. ನಿನ್ನ ನೋವೇ ಜಾಸ್ತಿ ಅಂತ ಕಾರ್ಲಾ ಅವರನ್ನ ಶುಕ್ರವಾರಕ್ಕೆ ತಳ್ಳಿದಳು. ಡಾಕ್ಟರಾಗೋಕೆ ಮುಂಚೇನೇ ಒಬ್ಬ ರೋಗಿಗೆ ಅನ್ಯಾಯ ಮಾಡಿದೆ ನೀನು."

ಅವಳು ಹೊರಗೆ ಬಂದು ಕಾರಿನಲ್ಲಿ ಕೂತಳು. ನಾಚಿಕೆಯಿಂದ ಭೂಮಿಗಿಳಿದು ಹೋದಂತಾಗಿತ್ತು. ರೋಗಿಯ ಹೆಸರನ್ನು ಡಾಕ್ಟರು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ದಿನಾ ಬೆಳಿಗ್ಗೆ ಬಸ್ಸಿಗೆ ಕೈಬೀಸುತ್ತಿದ್ದ ಆಲ್ತಿಯಾ ಬ್ಲೆವಿನ್ಸ್ ಎಂಬ ಮುದುಕಿ ಎರಡು ವಾರದಿಂದ ಕಾಲಿಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲೇ ಕೂತಿರುವುದನ್ನು ಟೆಸಾ ಕಂಡಿದ್ದಳು. ಕಾರನ್ನು ನೇರ ಅಲ್ಲಿಗೆ ಬಿಟ್ಟಳು.

ಜಗಲಿಯ ಮೆಟ್ಟಿಲು ಹತ್ತುವಾಗಲೇ ವಾಸನೆ ಮೂಗಿಗೆ ಬಡಿಯಿತು. ಹೊಟ್ಟೆನೋವೆಂದು ಸುಳ್ಳು ಹೇಳಿ ನಿಮ್ಮ ಹೊತ್ತನ್ನು ಕಿತ್ತುಕೊಂಡವಳು ನಾನೇ ಎಂದು ಟೆಸಾ ಮೊದಲ ಮಾತಿಗೇ ಹೇಳಿದಳು. ಆಲ್ತಿಯಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಹೊಟ್ಟೆನೋವು ಅಂದ್ಯಾ? ದಡ್ಡಿ ಕಣೇ ನೀನು. ಎದೆನೋವು ಅಂದಿದ್ರೆ ಇನ್ನೂ ಬೇಗ ಬಿಡ್ತಿದ್ರು."

ಟೆಸಾ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದಳು. ಎರಡು ಬೆರಳು ಕಪ್ಪಾಗಿದ್ದವು. ಮೈ ಸುಡುತ್ತಿತ್ತು. ಸಕ್ಕರೆ ಕಾಯಿಲೆಯವಳು. ಶುಕ್ರವಾರಕ್ಕೆ ಇನ್ನೂ ಮೂರು ದಿನವಿತ್ತು. ಶೆಡ್ಡಿಗೆ ಫೋನು ಮಾಡಿ, ಮಧ್ಯಾಹ್ನದ ಬಸ್ಸಿಗೆ ತಾನು ಬರುವುದು ಅನುಮಾನ ಎಂದಳು. ಮೇಲ್ವಿಚಾರಕ ಬೈಯುತ್ತಿರುವಾಗಲೇ ಫೋನಿಟ್ಟು, ಮುದುಕಿಯನ್ನು ತೋಳಲ್ಲಿ ಆನಿಸಿಕೊಂಡು ಕಾರಿಗೆ ಹತ್ತಿಸಿದಳು.

ಕ್ಲಿನಿಕ್ಕಿನಲ್ಲಿ ಕಾರ್ಲಾ ತಲೆಯೆತ್ತದೆ ಇವತ್ತು ಜಾಗವಿಲ್ಲ ಎಂದಳು. ಟೆಸಾ ಮೇಜು ಬಿಟ್ಟು ಕದಲಲಿಲ್ಲ. ಒಳಗಿನಿಂದ ಬಂದ ಡಾಕ್ಟರು ಅವಳನ್ನು ನೋಡಿ ಮುಖ ಗಂಟಿಕ್ಕಿದರು. ಆಮೇಲೆ ಅವರ ಕಣ್ಣು ಆ ಕಾಲಿನ ಮೇಲೆ ಬಿತ್ತು. ಬಾಗಿಲು ತೆರೆದರು.

ಮುದುಕಿಯನ್ನು ಕೂರಿಸಿ ಟೆಸಾ ಹೊರಡಲು ತಿರುಗಿದಾಗ ಆಲ್ತಿಯಾ ಅವಳ ಮಣಿಕಟ್ಟು ಹಿಡಿದಳು. "ಇವಳು ಇಲ್ಲೇ ಇರ್ಲಿ ಡಾಕ್ಟ್ರೇ. ಕಾಲು ನಂದು. ಯಾರು ನೋಡ್ಬೇಕು ಅನ್ನೋದು ನನ್ನಿಷ್ಟ."

ಹಾಗೆ ಟೆಸಾ ಗೋಡೆಗೊರಗಿ ನಿಂತಳು. ಡಾಕ್ಟರು ಪುಟ್ಟ ಸ್ಟೂಲನ್ನು ಎಳೆದುಕೊಂಡು ಆ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಮೂಗು ಮುಚ್ಚಲಿಲ್ಲ. ಈ ಸಲ ಹುರುಳಿಕಾಯಿ ಹಾಕಿದ್ದೀರಾ ಎಂದು ಕೇಳುತ್ತ ಒರೆಸಿದರು, ಮುಟ್ಟಿದರು, ನಾಡಿ ಹುಡುಕಿದರು. ಸಿಗದಿದ್ದಾಗ ಮತ್ತೆ ಹುಡುಕಿದರು. ಕೊನೆಗೆ ತಲೆಯೆತ್ತಿ, ಅದೇ ದನಿಯಲ್ಲಿ ಹೇಳಿದರು. "ಬೆರಳು ಉಳಿಯಲ್ಲ, ಆಲ್ತಿಯಾ. ಪಾದ ಉಳಿಸ್ಕೊಳ್ಳೋಣ. ದೊಡ್ಡಾಸ್ಪತ್ರೆಗೆ ಈಗ್ಲೇ ಹೊರಡ್ಬೇಕು." ಮುದುಕಿ ಕಿಟಕಿಯ ಕಡೆ ನೋಡಿ, ಕೋಳಿಗಳಿಗೆ ಕಾಳು ಯಾರು ಹಾಕುತ್ತಾರೆ ಎಂದಷ್ಟೇ ಕೇಳಿದಳು. ನಾನು ಹಾಕುತ್ತೇನೆ ಎಂದಳು ಟೆಸಾ. ಅಲ್ಲಿ ಬಾಯಿ ಹಾಕಬಾರದೆಂಬುದು ಅವಳಿಗೆ ಮರೆತೇಹೋಗಿತ್ತು.

ಆಂಬ್ಯುಲೆನ್ಸ್ ಹೋದ ಮೇಲೆ ಡಾಕ್ಟರು ಕೈ ತೊಳೆಯುತ್ತ, ಅವಳ ಕಡೆ ನೋಡದೆಯೇ, "ನಲವತ್ತು ನಿಮಿಷ ಆಯ್ತು, ಬರ್ಕೊ. ಶನಿವಾರ ಎಂಟಕ್ಕೆ ಬಾ" ಎಂದರು.

ಎರಡು ಶನಿವಾರ ಹೋದಳು. ಒಬ್ಬೊಬ್ಬ ರೋಗಿಯ ಒಪ್ಪಿಗೆಯನ್ನೂ ಕೇಳಿಯೇ ಡಾಕ್ಟರು ಅವಳನ್ನು ಒಳಗೆ ಬಿಡುತ್ತಿದ್ದರು. ಮೂರನೆಯ ಶನಿವಾರ ಬಾಗಿಲಲ್ಲೇ ತಡೆದರು. ಕ್ಲಿನಿಕ್ಕು ನಡೆಸುವ ಕಂಪನಿಯಿಂದ ಕಾಗದ ಬಂದಿತ್ತು, ಅನುಮತಿಯಿಲ್ಲದ ಹೊರಗಿನವರು ಒಳಗಿರಕೂಡದೆಂದು. ನಿವೃತ್ತಿಗೆ ಎರಡೇ ವರ್ಷ, ಅವರ ಜೊತೆ ಜಗಳವಾಡುವ ಶಕ್ತಿ ನನಗಿಲ್ಲ ಎಂದರು. ಹೇಳುವಾಗ ಅವರ ಕಣ್ಣು ನೆಲದ ಮೇಲಿತ್ತು.

ಒಟ್ಟು ಸಿಕ್ಕಿದ್ದು ಹನ್ನೊಂದು ಗಂಟೆ ನಲವತ್ತು ನಿಮಿಷ. ಇಷ್ಟು ದಿನ ಮುಖ ಕೊಡದ ಕಾರ್ಲಾ ಅವತ್ತು ಕಾರಿನವರೆಗೂ ಬಂದು ಪಿಸುಗುಟ್ಟಿದಳು. "ಐವತ್ತು ಅಂತ ಬರ್ದುಬಿಡೇ. ಯಾರು ಬಂದು ಎಣಿಸ್ತಾರೆ?" ಅರ್ಜಿಯ ಆ ಖಾನೆಯ ಮುಂದೆ ಟೆಸಾ ಒಂದು ಇಡೀ ಭಾನುವಾರ ಕೂತಳು. ಐದು ಮತ್ತು ಸೊನ್ನೆ ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿದಳು. ಸಂಜೆಗೆ ಇದ್ದದ್ದನ್ನೇ ಬರೆದು ಕಳಿಸಿದಳು.

ಐದು ಕಾಲೇಜುಗಳಲ್ಲಿ ನಾಲ್ಕು ಬೇಡವೆಂದವು. ಐದನೆಯದು ಕಾಯುವವರ ಪಟ್ಟಿಗೆ ಹಾಕಿತು. ಮುಂದಿನ ವರ್ಷದ ಆಗಸ್ಟಿನಲ್ಲಿ ತರಗತಿ ಶುರುವಾಗುವವರೆಗೂ ಆ ಪಟ್ಟಿ ಅಲುಗಾಡಲಿಲ್ಲ, ಆ ವರ್ಷವೂ ಕೈತಪ್ಪಿತು. ಅಷ್ಟರಲ್ಲಿ ಅರ್ಧ ಪಾದ ಕಳೆದುಕೊಂಡಿದ್ದ ಆಲ್ತಿಯಾ ಊರುಗೋಲಿನಲ್ಲಿ ನಡೆಯುವುದನ್ನು ಕಲಿತಿದ್ದಳು.

ಸೆಪ್ಟೆಂಬರಿನಲ್ಲಿ ಬಲಿಂಗಿಟ್ ಟೆಸಾಳ ಮನೆಗೆ ಫೋನು ಮಾಡಿದರು. ಎರಡು ಗಂಟೆ ದೂರದ ಚಾರ್ಲ್ಸ್ಟನ್ನಿನಲ್ಲಿ ಅವರ ಹಳೆಯ ಸಹಪಾಠಿ ಡಾಕ್ಟರೊಬ್ಬರು ಅವಳನ್ನು ಜೊತೆ ನಿಲ್ಲಿಸಿಕೊಳ್ಳಲು ಒಪ್ಪಿದ್ದರು. ಸೋಮವಾರ ಮಾತ್ರ, ಬೆಳಿಗ್ಗೆ ಎಂಟರಿಂದ. ಸೋಮವಾರ ರಜೆ ಕೊಡಿ ಎಂದು ಟೆಸಾ ಮೇಲ್ವಿಚಾರಕನನ್ನು ಕೇಳಿದಳು. ಹಿಂದೊಮ್ಮೆ ಬಸ್ಸು ತಪ್ಪಿಸಿದ್ದನ್ನು ಎತ್ತಿ ಆಡಿ, ಬಸ್ಸು ಬೇಕೋ ಡಾಕ್ಟರಗಿರಿ ಬೇಕೋ ನೀನೇ ಹೇಳು ಎಂದ ಅವನು.

ಅವಳು ಬಸ್ಸಿನ ಕೀಲಿಯನ್ನು ಅವನ ಮೇಜಿನ ಮೇಲಿಟ್ಟಳು. ಮುಂದೇನೆಂದು ವಾಂಡಾ ಕೇಳಿದಾಗ ಗೊತ್ತಿಲ್ಲ ಎಂದಳು. ನಿಜವಾಗಿಯೂ ಗೊತ್ತಿರಲಿಲ್ಲ. ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಅವಳು ಚಾರ್ಲ್ಸ್ಟನ್ನಿನ ರಸ್ತೆಯಲ್ಲಿದ್ದಳು.